ಗುಂಡ ಇಟ್ಟ ಮೊಟ್ಟೆಗಳು

ಹತ್ತನೇ ತರಗತಿಗೆ ಲಿಂಗ ನಿರ್ಧಾರದ ಪಾಠ ಮಾಡುವಾಗ ನಾವೆಲ್ಲ ಎಕ್ಸ್, ವೈ ವರ್ಣತಂತುಗಳ ಚಿತ್ರ ಬರೆಯುತ್ತೇವೆ. ಹೆಣ್ಣು ಮಗು ಹುಟ್ಟಿದರೆ ತಾಯಿಯನ್ನು ದೂರುವುದು ತಪ್ಪು ಎಂಬ ಮೌಲ್ಯವನ್ನೂ ಹೇಳುತ್ತೇವೆ. ಕೆಲವು ಸರೀಸೃಪಗಳಲ್ಲಿ ಮೊಟ್ಟೆಗೆ ಸಿಗುವ ಉಷ್ಣತೆಯೇ ಗಂಡು ಹೆಣ್ಣನ್ನು ನಿರ್ಧರಿಸುತ್ತದೆ ಎಂಬ ಮಾತೂ ಅದೇ ಪಾಠದಲ್ಲಿದೆ. ಅದನ್ನು ಓದಿ ಮುಂದೆ ಹೋಗುವುದೇ ರೂಢಿ. ಬೋಧನಾಭ್ಯಾಸದ ಅವಧಿಯಲ್ಲಿ ನನ್ನ ತರಗತಿ ಆ ಒಂದು ಮಾತಿನ ಜೊತೆ ಐದು ವಾರ ಕಳೆಯಿತು.

ಪಾಠದ ಮರುದಿನ ವಿದ್ಯಾರ್ಥಿನಿಯೊಬ್ಬಳು, "ಮಿಸ್, ನಮ್ಮ ಗುಂಡ ಮೊಟ್ಟೆ ಇಟ್ಟಿದೆ" ಎಂದಳು. ತರಗತಿ ಗೊಳ್ಳೆಂದು ನಕ್ಕಿತು. ಗುಂಡ ಅವರ ಮನೆಯ ಆಮೆ. ಎರಡು ವರ್ಷದ ಹಿಂದೆ ಊರು ಬಿಟ್ಟ ನೆರೆಯವರು, ತಮ್ಮ ಮೂರು ಆಮೆಗಳಲ್ಲಿ ಒಂದನ್ನು ಹೆಸರಿನ ಸಮೇತ ಕೊಟ್ಟು ಹೋಗಿದ್ದರು. ಕಣ್ಣಿನ ಹಿಂದೆ ಕೆಂಪು ಪಟ್ಟಿಯಿರುವ ಈ ಜಾತಿಗೆ ರೆಡ್ ಇಯರ್ಡ್ ಸ್ಲೈಡರ್ ಎಂದು ಹೆಸರು. ಮೂಲ ಅಮೆರಿಕದ ಮಿಸಿಸಿಪಿ ನದಿಯ ಪ್ರದೇಶ. ಗಂಡಿಗೆ ಮುಂಗಾಲಿನ ಉಗುರು ಉದ್ದವಾಗಿರುತ್ತದೆ, ಗುಂಡನದು ಗಿಡ್ಡ. ಈಗ ಗಾಜಿನ ತೊಟ್ಟಿಯ ನೀರಿನಲ್ಲಿ ಎರಡು ಬಿಳಿ ಮೊಟ್ಟೆಗಳು, ಅದರಲ್ಲೊಂದು ಒಡೆದದ್ದು. "ಮರಿ ಬರುತ್ತಾ ಮಿಸ್?"

ಫಾರಂ ಕೋಳಿಯಂತೆ ಹೆಣ್ಣು ಆಮೆಯೂ ಗಂಡಿನ ಸಂಗವಿಲ್ಲದೆ ಮೊಟ್ಟೆ ಇಡಬಲ್ಲದು, ಅವು ಮರಿಯಾಗುವುದಿಲ್ಲ. ಆದರೆ ಹಿಂದೆಂದೋ ಗಂಡಿನೊಡನೆ ಕೂಡಿದ್ದರೆ ಅದರ ವೀರ್ಯವನ್ನು ದೇಹದಲ್ಲಿ ವರ್ಷಗಟ್ಟಲೆ ಉಳಿಸಿಕೊಳ್ಳಲೂ ಬಲ್ಲದು. ಹಳೆಯ ಮನೆಯ ಆಮೆಗಳಲ್ಲಿ ಗಂಡಿತ್ತೋ ಇಲ್ಲವೋ ಯಾರಿಗೂ ತಿಳಿಯದು. ಕಪ್ಪುಹಲಗೆಯ ಮೂಲೆಯಲ್ಲಿ "ಗೊತ್ತಿಲ್ಲ, ನೋಡೋಣ" ಎಂದು ಬರೆದೆ.

ಮಕ್ಕಳ ಗಮನವೆಲ್ಲ ಮೊಟ್ಟೆಯ ಮೇಲಿತ್ತು. ನಾನು ತಾಯಿಯ ಬಗ್ಗೆ ವಿಚಾರಿಸಿದೆ. ನಾಲ್ಕು ದಿನದಿಂದ ಗುಂಡ ಏನೂ ತಿಂದಿಲ್ಲ, ಹಿಂಗಾಲಿನಿಂದ ಗಾಜನ್ನು ಕೆರೆಯುತ್ತಿದೆ ಎಂದಳು. ಈ ಆಮೆ ಬಾಳುವುದು ನೀರಿನಲ್ಲಾದರೂ ಮೊಟ್ಟೆ ಇಡುವುದು ನೆಲದಲ್ಲಿ, ಗುಂಡಿ ತೋಡಿ. ಮಣ್ಣು ಸಿಗದಿದ್ದರೆ ಮೊಟ್ಟೆಗಳನ್ನು ಒಳಗೇ ತಡೆದುಕೊಳ್ಳುತ್ತದೆ. ಅದರಿಂದ ಪ್ರಾಣವೂ ಹೋಗಬಹುದು. ಅವಳ ಅಪ್ಪ ಅಂದೇ ಪಶುವೈದ್ಯರಿಗೆ ತೋರಿಸಿದರು. ಎಕ್ಸ್-ರೇಯಲ್ಲಿ ಇನ್ನೂ ಐದು ಮೊಟ್ಟೆಗಳು ಕಂಡವು. ಹಳೆಯ ಸಿಮೆಂಟ್ ತೊಟ್ಟಿಯಲ್ಲಿ ಒಂದು ಗೇಣು ಆಳ ಮರಳು ಬೆರೆಸಿದ ಹಸಿ ಮಣ್ಣು ತುಂಬಿ, ಬಿಸಿಲು ಬೀಳುವ ಕಡೆ ಇಟ್ಟರು. ಎರಡನೆಯ ಸಂಜೆ ಗುಂಡ ಗುಂಡಿ ತೋಡಿ ಐದನ್ನೂ ಇಟ್ಟಿತು. ಮರುದಿನ ತಿನ್ನತೊಡಗಿತು.

ಆ ಐದು ಮೊಟ್ಟೆಗಳನ್ನು ಒದ್ದೆ ಮರಳಿನ ಡಬ್ಬಿಯಲ್ಲಿಟ್ಟು ಪ್ರಯೋಗಾಲಯಕ್ಕೆ ತಂದಳು. ಎತ್ತುವ ಮೊದಲೇ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಗುರುತು ಮೇಲೇ ಇರುವಂತೆ ನೋಡಿಕೊಳ್ಳಲು ಹೇಳಿದ್ದೆ. "ನಮ್ಮಜ್ಜಿ ಕಾವಿಗೆ ಕೂರಿಸಿದ ಕೋಳಿ ದಿನಾ ಮೊಟ್ಟೆ ಹೊರಳಿಸುತ್ತೆ, ಇದನ್ಯಾಕೆ ಹೊರಳಿಸಬಾರದು?" ಎಂದು ಒಬ್ಬ ಹುಡುಗ ಕೇಳಿದ. ಕೋಳಿ ಮೊಟ್ಟೆ ಹೊರಳದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಂಡು ಕೆಡುತ್ತದೆ. ಆಮೆಯ ಭ್ರೂಣವಾದರೋ ಮೊದಲ ಒಂದೆರಡು ದಿನದಲ್ಲೇ ಮೇಲ್ಭಾಗಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಆಮೇಲೆ ಹೊರಳಿಸಿದರೆ ಸಾಯಬಹುದು. ಈ ಹೋಲಿಕೆ ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ.

ದಿನಕ್ಕೆ ಎರಡು ಬಾರಿ ಉಷ್ಣಮಾಪಕ ನೋಡಿ ಬರೆಯುವ ಕೆಲಸ ಸರದಿಯಂತೆ ನಡೆಯಿತು. ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯಲೇಬೇಕು. ಆಮೆಗಳಿಂದ ಸಾಲ್ಮೊನೆಲ್ಲಾ ಸೋಂಕು ಹರಡುತ್ತದೆಂದೇ ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದರು. ಈ ಜಾತಿಯ ಮೊಟ್ಟೆಗಳಿಗೆ 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆ ಸಿಕ್ಕರೆ ಗಂಡು, 31ರ ಆಸುಪಾಸಿನಲ್ಲಿ ಹೆಣ್ಣು. "ಹಾಗಾದ್ರೆ ಇಲ್ಲಿ ಅಪ್ಪನೂ ಅಲ್ಲ, ಅಮ್ಮನೂ ಅಲ್ಲ, ಬಿಸಿಲು!" ಎಂದಳು ಹಿಂದಿನ ಬೆಂಚಿನ ಹುಡುಗಿ. ಆ ಮೌಲ್ಯವನ್ನು ನಾನು ಮತ್ತೆ ಹೇಳಬೇಕಾಗಲಿಲ್ಲ.

ಮರಿಯಾದರೆ ಕೆರೆಗೆ ಬಿಡೋಣ ಎಂದವರೇ ಹೆಚ್ಚು. ಸ್ಲೈಡರ್ ಜಗತ್ತಿನ ನೂರು ಅತಿ ಹಾನಿಕಾರಕ ಆಕ್ರಮಣಕಾರಿ ಜೀವಿಗಳ ಐಯುಸಿಎನ್ ಪಟ್ಟಿಯಲ್ಲಿದೆ. ನಮ್ಮ ಕೆರೆಗಳ ಆಮೆಗಳ ಆಹಾರಕ್ಕೂ ಜಾಗಕ್ಕೂ ಪೈಪೋಟಿ ಕೊಡುತ್ತದೆ. ಹಾಗಾದರೆ ನಮ್ಮ ಕೆರೆಯ ಆಮೆಯನ್ನೇ ಸಾಕೋಣವೇ ಎಂಬ ಪ್ರಶ್ನೆ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಚರ್ಚೆ ಅಲ್ಲಿಂದ ಶುರುವಾಯಿತು. ಮರಿ ಬರಲಿ ಎಂದು ಹಾರೈಸುತ್ತಿದ್ದವರು, ಬಂದರೆ ಎಲ್ಲಿಡುವುದು ಎಂದೂ ಯೋಚಿಸತೊಡಗಿದರು.

ನಾಲ್ಕನೆಯ ವಾರ ಕೋಣೆ ಕತ್ತಲು ಮಾಡಿ, ಮೊಟ್ಟೆಗಳನ್ನು ಹೊರಳಿಸದೆ ಬದಿಯಿಂದ ಟಾರ್ಚ್ ಹಿಡಿದೆವು. ಭ್ರೂಣವಿದ್ದರೆ ಕೆಂಪು ರಕ್ತನಾಳಗಳು ಕಾಣಬೇಕಿತ್ತು. ಐದರಲ್ಲೂ ಬರೀ ಹಳದಿ ಬೆಳಕು. ಮುಂದಿನ ವಾರ ಚಿಪ್ಪುಗಳು ಕುಗ್ಗಿ ವಾಸನೆ ಬಂತು. ಮೊದಲು ಪ್ರಶ್ನೆ ಕೇಳಿದವಳೇ ದಾಖಲೆ ಪುಸ್ತಕದಲ್ಲಿ "ಮರಿ ಇಲ್ಲ" ಎಂದು ಬರೆದು ದಿನಾಂಕ ಹಾಕಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಣ್ಣಿನ ತೊಟ್ಟಿ ಹಾಗೇ ಇರಲಿ ಅಂತ ಅಪ್ಪ ಹೇಳಿದ್ರು ಮಿಸ್, ಮತ್ತೆ ಬೇಕಾಗುತ್ತಲ್ಲ" ಎಂದಳು.

ಇದಕ್ಕೆಲ್ಲ ಸಮಯ ಎಲ್ಲಿಂದ ಎಂದು ಸಹಪಾಠಿಗಳು ಕೇಳಿದ್ದುಂಟು. ಮಾರ್ಗದರ್ಶಿ ಶಿಕ್ಷಕರು ಒಪ್ಪಿದ್ದು ದಿನಕ್ಕೆ ಐದು ನಿಮಿಷಕ್ಕೆ ಮಾತ್ರ. ಪಠ್ಯವೂ ಹಿಂದೆ ಬೀಳಲಿಲ್ಲ. ಉತ್ತರ ಗೊತ್ತಿರುವ ಪ್ರಯೋಗವನ್ನೇ ಮಕ್ಕಳಿಗೆ ಮಾಡಿ ತೋರಿಸುವುದು ನಮಗೆ ಅಭ್ಯಾಸ. ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನಾದರೂ ಬೋಧನಾಭ್ಯಾಸದ ಅವಧಿಯಲ್ಲಿ ತರಗತಿಯಲ್ಲಿ ಉಳಿಸಿಕೊಳ್ಳಿ, ಅದರ ದಾಖಲೆಯನ್ನು ಮಕ್ಕಳ ಕೈಗೇ ಕೊಡಿ ಎಂಬುದು ಮುಂದಿನ ತಂಡದವರಿಗೆ ನನ್ನ ಸಲಹೆ.