ನಿಂತ್ರ ಬಿಸಿ

ಹೋದ ಬೇಸಿಗೆಯಲ್ಲಿ ನನ್ನ 2005ರ ಕಾರಿಗೆ ಮೂರು ಸಲ ಎ.ಸಿ. ಗ್ಯಾಸ್ ತುಂಬಿಸಿದೆ. ಹಟ ಹಿಡಿದು ತುಂಬಿಸಿದೆ ಅನ್ನುವುದೇ ಸರಿ. ಎರಡನೇ ಸಲ ಮೆಕ್ಯಾನಿಕ್ ಹುಡುಗ “ಜರಾ ಗಾಡಿ ನಿಂದ್ರಿಸಿ ನೋಡೂಣ ಸರ” ಅಂದಿದ್ದ. ನನಗೆ ಪುರುಸೊತ್ತಿರಲಿಲ್ಲ. ಬಿಸಿಲಿಳಿದ ಮೇಲೆ ಕಲಬುರಗಿಯ ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆದೆ, ತಂಪಾಯಿತು, ಮನೆಗೆ ಬಂದೆ.

ಹೆಂಡತಿ ಮಾತ್ರ ಒಂದೇ ಮಾತು ಹೇಳುತ್ತಿದ್ದಳು: “ಓಡೂ ಮುಂದ ತಂಪ ಬರ್ತದ, ನಿಂತ್ರ ಬಿಸಿ. ಗ್ಯಾಸ್ ಇಲ್ಲಂದ್ರ ಓಡೂ ಮುಂದರ ಹ್ಯಾಂಗ ಬರ್ತದ್ರೀ?” ನಾನು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನತ್ತ ಬೆರಳು ಮಾಡಿದೆ. ಮುಳ್ಳು ನಡುವೆಯೇ ಇದೆ, ಫ್ಯಾನ್ ಸರಿಯಿದೆ ಎಂದು ನನ್ನ ತರ್ಕ. ನನ್ನ ಗಾಡಿಯಲ್ಲಿ ರೇಡಿಯೇಟರಿಗೊಂದು, ಎ.ಸಿ. ಕಂಡೆನ್ಸರಿಗೊಂದು ಬೇರೆ ಫ್ಯಾನ್ ಇದೆ ಎಂಬುದು ಹದಿನೈದು ವರ್ಷ ಓಡಿಸಿದರೂ ಗೊತ್ತಿರಲಿಲ್ಲ.

ಮೇ ತಿಂಗಳಲ್ಲಿ ಮದುವೆಗೆಂದು ಬೀದರಿಗೆ ಹೊರಟೆವು. ಹುಮನಾಬಾದಿನ ಹತ್ತಿರ ಲಾರಿಗಳ ಸಾಲಿನಲ್ಲಿ ಮುಕ್ಕಾಲು ತಾಸು ಸಿಕ್ಕಿಕೊಂಡೆವು. ಕಿಟಕಿ ಇಳಿಸಿದರೆ ಒಲೆಯ ಬಾಯಿ. ಹಿಂದೆ ಕೂತಿದ್ದ ಅವ್ವ ಸೆರಗು ನೆನೆಸಿ ನೆತ್ತಿಗೆ ಹಾಕಿಕೊಂಡಳು, ಆಮೇಲೆ ವಾಂತಿ ಮಾಡಿಕೊಂಡಳು. ಆಗಲೂ ನಾನು ಅಂದದ್ದು, “ಗ್ಯಾಸ್ ಸೋರಿರಬೇಕು.”

ಬೀದರಿನ ಮುದುಕ ಎಲೆಕ್ಟ್ರಿಷಿಯನ್ ಗೇಜ್ ಮುಟ್ಟಲೇ ಇಲ್ಲ. ಎ.ಸಿ. ಹಾಕಿಸಿ, ಬಾನೆಟ್ ಎತ್ತಿ, ಸುಮ್ಮನೆ ನಿಂತ. ಒಂದು ಫ್ಯಾನ್ ಅಲುಗುತ್ತಿರಲಿಲ್ಲ. ಅದರ ಮೋಟಾರಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಎರಡು ಏಟು ಕೊಟ್ಟ. ಗೊರಗೊರ ಎಂದು ತಿರುಗಿತು. ಕಾರ್ಬನ್ ಬ್ರಶ್ ಸವೆದಿತ್ತು. ಕಂಡೆನ್ಸರಿನ ಶಾಖ ಹೊರಹೋಗಲು ಗಾಳಿ ಬೇಕು. ಓಡುವಾಗ ಎದುರುಗಾಳಿ ಸಾಕು, ನಿಂತಾಗ ಈ ಫ್ಯಾನೇ ಗತಿ. ಅದು ಕೈಕೊಟ್ಟರೆ ಗ್ಯಾಸಿನ ಒತ್ತಡ ಏರುತ್ತದೆ, ಪ್ರೆಶರ್ ಸ್ವಿಚ್ ಕಂಪ್ರೆಸರನ್ನೇ ನಿಲ್ಲಿಸುತ್ತದೆ. ಆ ಒತ್ತಡವನ್ನು ನಾನು ದುಡ್ಡು ಕೊಟ್ಟು ಇನ್ನಷ್ಟು ಏರಿಸಿದ್ದೆ.

ಅವನು ಮೋಟಾರ್ ಬದಲಿಸಿದ. ಕಾರಿನಲ್ಲಿದ್ದ ಗ್ಯಾಸನ್ನು ಪಕ್ಕದ ಅಂಗಡಿಯಲ್ಲಿ ಪೂರಾ ತೆಗೆಸಿ, ಬಾನೆಟ್ಟಿನ ಚೀಟಿಯಲ್ಲಿದ್ದಷ್ಟೇ ತೂಗಿ ಹಾಕಿಸಿದೆ.

ಮರಳುವಾಗ ಹೆಂಡತಿ ಕೇಳಿದಳು, “ಏನಾಗಿತ್ತಂತ್ರೀ? ಗ್ಯಾಸ್ ಕಮ್ಮಿ ಆಗಿತ್ತೇನು?”

“ಭಾಳ ಆಗಿತ್ತಂತ,” ಅಂದೆ, ರಸ್ತೆ ನೋಡುತ್ತ.