ಸಿಪಾಯಿಯ ಹಚ್ಚೆ

ಮುಂಗೈಯಲ್ಲಿ ಹಚ್ಚೆಯಿಲ್ಲದ ಅಜ್ಜಿಯನ್ನು ಕಾಣುವುದು ಕನ್ನಡನಾಡಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಅಪರೂಪವಾಗಿತ್ತು. ಕೊರವಂಜಿಯು ಜಗಲಿಯ ಮೇಲೆ ಕುಳಿತು, ಹಾಡಿನಿಂದ ನೋವನ್ನು ಮರೆಯಿಸುತ್ತ ಚುಚ್ಚಿದ ಆ ಹಸುರು ಗೆರೆಗಳ ವಿಷಯದಲ್ಲಿ ಹೆಂಗಸರಿಗೆ ಒಂದು ನಂಬಿಕೆಯುಂಟು: ಒಡವೆಗಳೆಲ್ಲ ಮನೆಯಲ್ಲಿಯೇ ಉಳಿಯುತ್ತವೆ, ಹಚ್ಚೆಯೊಂದೇ ಸತ್ತವಳ ಸಂಗಡ ಹೋಗುತ್ತದೆ. ಸಮುದ್ರದಾಚೆಯ ಸಿಪಾಯಿಗಳು ಈ ಮಾತನ್ನು ಕೇಳಿದವರಲ್ಲ. ಆದರೂ ಪದಕವನ್ನು ಪೆಟ್ಟಿಗೆಯಲ್ಲಿಟ್ಟು, ದಂಡಿನ ಗುರುತನ್ನು ಮಾತ್ರ ತೋಳಿನಲ್ಲಿ ಹೊತ್ತು ತಿರುಗುವ ಅವರ ಮನಸ್ಸು ಇದಕ್ಕೆ ಬಹು ದೂರವಾದುದೇನೂ ಅಲ್ಲ.

ಪೂರ್ವದಲ್ಲಿ ಈ ಗುರುತು ಸಿಪಾಯಿಯ ಇಚ್ಛೆಗೆ ಸೇರಿದುದಾಗಿರಲಿಲ್ಲ. ರೋಮನ್ ಚಕ್ರಾಧಿಪತ್ಯದ ಕೊನೆಗಾಲದಲ್ಲಿ ಯುದ್ಧಶಾಸ್ತ್ರವನ್ನು ಬರೆದ ವೆಜಿಷಿಯಸನು, ಹೊಸದಾಗಿ ಸೇರಿದವನಿಗೆ ಒಡನೆಯೇ ಚುಚ್ಚಬಾರದು, ಕವಾಯತಿನಲ್ಲಿ ಪರೀಕ್ಷಿಸಿದ ಮೇಲೆಯೇ ಗುರುತು ಹಾಕಬೇಕು ಎನ್ನುತ್ತಾನೆ. 6ನೆಯ ಶತಮಾನದ ವೈದ್ಯ ಏಟಿಯಸನು, ಸೈನಿಕರ ಕೈಗಳ ಮೇಲೆ ಕಾಣುವ ಇಂತಹ ಗುರುತುಗಳಿಗೆ ಬೇಕಾದ ಮಸಿಯ ಪಾಕವನ್ನೇ ಬರೆದಿಟ್ಟಿದ್ದಾನೆ. ಮರದ ತೊಗಟೆ, ಕಿಲುಬು ಹಿಡಿದ ಕಂಚು, ಮಾಚಿಕಾಯಿ, ಅನ್ನಭೇದಿ ಇವುಗಳನ್ನು ಅರೆದು ಮಸಿ ಮಾಡಬೇಕು. ಈರುಳ್ಳಿಯ ಜಾತಿಗೆ ಸೇರಿದ ಒಂದು ಗಿಡದ ರಸದಿಂದ ಚರ್ಮವನ್ನು ತೊಳೆದು, ರಕ್ತ ಬರುವವರೆಗೆ ಚುಚ್ಚಿ, ಮಸಿಯನ್ನು ತಿಕ್ಕಬೇಕು. ಅಳಿಸುವ ಔಷಧವನ್ನೂ ಅದೇ ವೈದ್ಯನು ಹೇಳಿರುವುದನ್ನು ನೋಡಿದರೆ, ಗುರುತು ಹೊತ್ತವರೆಲ್ಲರೂ ಅದನ್ನು ಬಯಸಿದವರಾಗಿರಲಿಲ್ಲವೆಂದು ಊಹಿಸಬಹುದು. ಇಂಗ್ಲಿಷರ ದಂಡಿನಲ್ಲಂತೂ, ಓಡಿಹೋಗಿ ಸಿಕ್ಕಿಬಿದ್ದವನ ಮೈಗೆ, ಪಲಾಯಿತನೆಂಬ ಅರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರವಾದ ‘ಡಿ’ಯನ್ನು ಚುಚ್ಚುವ ಶಿಕ್ಷೆಯು 1871ರವರೆಗೂ ಇತ್ತು. ದನಕ್ಕೆ ಮುದ್ರೆ ಹಾಕುವುದಕ್ಕೂ ಇದಕ್ಕೂ ಏನು ಭೇದ?

ಇದೇ ಸೂಜಿಯನ್ನು ಸಿಪಾಯಿಯು ತನ್ನದಾಗಿ ಮಾಡಿಕೊಂಡುದೇ ಸ್ವಾರಸ್ಯವಾದ ಸಂಗತಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಣ್ಣತಮ್ಮಂದಿರೇ ಎದುರುಬದುರಾಗಿ ಹೋರಾಡಿದ ಯುದ್ಧದಲ್ಲಿ, ಮಾರ್ಟಿನ್ ಹಿಲ್ಡೆಬ್ರಾಂಟನೆಂಬ ಹಚ್ಚೆಗಾರನು ಉಭಯ ಪಕ್ಷದ ಸೈನಿಕರಿಗೂ ಚುಚ್ಚಿದನೆಂದು ಪ್ರಸಿದ್ಧಿ. ಸತ್ತವನು ಇಂಥವನೆಂದು ತಿಳಿಸುವ ಲೋಹದ ಬಿಲ್ಲೆಗಳನ್ನು ಸರಕಾರವು ಆಗ ಕೊಡುತ್ತಿರಲಿಲ್ಲ. ಹೆಸರು ಬರೆದ ಚೀಟಿಯನ್ನು ಅಂಗಿಗೆ ಸಿಕ್ಕಿಸಿಕೊಂಡು ರಣಕ್ಕೆ ಇಳಿದವರೂ ಉಂಟು. ಚೀಟಿ ಮಳೆಗೆ ನೆನೆಯುತ್ತದೆ, ಹಚ್ಚೆ ನೆನೆಯದು. ಗುರುತಿಲ್ಲದ ಗುಂಡಿಯಲ್ಲಿ ಅನಾಮಧೇಯನಾಗಿ ಮಲಗುವ ಭಯವು ಸಾವಿನ ಭಯಕ್ಕಿಂತ ಕಿರಿದಲ್ಲ. ಆ ದೇಶದ ಸೈನ್ಯಕ್ಕೆ ಬಿಲ್ಲೆ ದೊರೆತುದು 1906ರಲ್ಲಿ. ಅಷ್ಟಾಗಿಯೂ, ಸುಮಾರು ನೂರು ವರ್ಷಗಳ ಮೇಲೆ ಇರಾಕಿಗೆ ಹೊರಟ ಅಮೆರಿಕನ್ ತರುಣರಲ್ಲಿ ಕೆಲವರು ಬಿಲ್ಲೆಯ ಬರಹವನ್ನೇ ಪಕ್ಕೆಲುಬಿನ ಮೇಲೆ ಚುಚ್ಚಿಸಿಕೊಂಡರು. ಸಿಡಿಮದ್ದಿಗೆ ಕೈಕಾಲುಗಳು ಹೋದರೂ ಮುಂಡವಾದರೂ ಮನೆಗೆ ತಲುಪಲೆಂಬ ಲೆಕ್ಕಾಚಾರವದು. ಇಪ್ಪತ್ತು ವರ್ಷದ ಹುಡುಗನು ಹಾಕತಕ್ಕ ಲೆಕ್ಕವಲ್ಲ.

ಹಿಂದಿರುಗಿ ಬಂದವನ ಹಚ್ಚೆಯಾದರೋ ಬೇರೆ. ಅಲ್ಲಿ ತನ್ನ ಹೆಸರು ಇರದು. ನೆಟ್ಟ ಬಂದೂಕು, ಅದರ ಮೇಲೆ ಒಡೆಯನಿಲ್ಲದ ಶಿರಸ್ತ್ರಾಣ, ಬುಡದಲ್ಲಿ ಬರಿದಾದ ಒಂದು ಜೊತೆ ಬೂಟುಗಳು, ಕೆಳಗೆ ಗೆಳೆಯನ ಹೆಸರು ಮತ್ತು ಒಂದು ತಾರೀಖು. ಅಂಗಡಿಯಲ್ಲೋ ಸಂತೆಯಲ್ಲೋ ಅಪರಿಚಿತರು ಅದನ್ನು ನೋಡಿ ಯಾರೆಂದು ಕೇಳುತ್ತಾರೆ. ಮನೆಯವರ ಮುಂದೆ ಬಾಯಿ ಬಿಡದವನು ಕೆಲವು ವೇಳೆ ಅಲ್ಲಿ ಎರಡು ಮಾತು ಹೇಳುವುದುಂಟು. ವಯಸ್ಸಾದಂತೆ ಚರ್ಮ ಸಡಿಲವಾಗಿ, ಮಸಿ ಹರಡಿ, ಅಕ್ಷರಗಳು ಮಸುಕಾಗುತ್ತವೆ. ಆಗ ಹಚ್ಚೆಯವನ ಬಳಿಗೆ ಮತ್ತೆ ಹೋಗಿ, ಅದೇ ಗೆರೆಗಳ ಮೇಲೆ, ಅದೇ ಹೆಸರನ್ನು ಇನ್ನೊಮ್ಮೆ ಚುಚ್ಚಿಸಿಕೊಂಡು ಬರುವವರಿದ್ದಾರೆ.