ಮಳೆಯೂರಿನಲ್ಲಿ ಮೋಟಾರು ನಿಲ್ಲುವ ನೆಲ

ಒಂದೆಡೆ ಖಾಡಿ, ಇನ್ನೊಂದೆಡೆ ಯೇವೂರಿನ ಗುಡ್ಡ. ನಡುವೆ ನಮ್ಮ ಠಾಣೆ. ೧೮೫೩ರಲ್ಲಿ ಬೋರಿಬಂದರಿನಿಂದ ಹೊರಟ ಪ್ರಯಾಣಿಕರ ರೈಲು ಬಂದು ನಿಂತ ಈ ಊರಿನಲ್ಲಿ ಇಂದು ಕಟ್ಟಡಗಳ ಕೆಳಗೆಲ್ಲ ಮೋಟಾರುಗಳದೇ ಬಿಡಾರ. ಆ ನೆಲಕ್ಕೆ ಎಪಾಕ್ಸಿ ಲೇಪ ಬಳಿಸಿದರೆ ಎಣ್ಣೆ ಇಂಗದು, ಧೂಳು ಏಳದು.

ಆದರೆ ಮಳೆಗಾಲದಲ್ಲಿ ಮಣ್ಣಿನ ತೇವ ಕಾಂಕ್ರೀಟಿನೊಳಗಿಂದ ಮೇಲೇರುತ್ತದೆ. ಆಗ ಬಳಿದ ಲೇಪ ಹಪ್ಪಳದಂತೆ ಉಬ್ಬಿ ಏಳುತ್ತದೆ. ಸೊಸೈಟಿಯವರು ಕೂಡಿಸಿದ ಹಣವೂ ಅದರೊಡನೆ ಹೋಗುತ್ತದೆ. ಹೊಸ ಕಾಂಕ್ರೀಟನ್ನು ೨೮ ದಿನವಾದರೂ ಬಿಡಬೇಕು. ಹಳೆಯ ನೆಲದ ಎಣ್ಣೆಯ ಕಲೆ ತೊಳೆದು, ಮೇಲ್ಮೈಯನ್ನು ಉಜ್ಜಿ ಒರಟು ಮಾಡಬೇಕು. ಬಳಿಯುವ ಮೊದಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ನೆಲಕ್ಕೆ ಅಂಟಿಸಿ, ೧೬ ತಾಸು ಬಿಟ್ಟು ನೋಡಿರಿ. ಅಡಿಯಲ್ಲಿ ಹನಿಗೂಡಿದ್ದರೆ ದೀಪಾವಳಿ ಕಳೆಯುವವರೆಗೆ ತಡೆಯಿರಿ. ಒಣಹವೆಯಲ್ಲಿ ಬಳಿಸಿದ ನೆಲ ಹಲವು ಮಳೆಗಾಲಗಳನ್ನು ಕಂಡೀತು.